ಕಡ್ಡಿ ಪೂರ್ತಿ ಇದೆ, ಫೋನ್ ಮಾತ್ರ ಹೋಗ್ತಿಲ್ಲ

ಬೆಳಿಗ್ಗೆ ಏಳುವ ಮೊದಲೇ ಮೊಬೈಲ್ ಕಂಪನಿಯಿಂದ ಮೆಸೇಜ್ ಬಂದು ಕೂತಿತ್ತು. ನಿಮ್ಮ ಏರಿಯಾದಲ್ಲಿ ಹೊಸ ನೆಟ್‌ವರ್ಕ್ ಶುರುವಾಗಿದೆ, ಇನ್ನು ಮೇಲೆ ವೇಗವೇ ವೇಗ, ಅಭಿನಂದನೆಗಳು ಅಂತ. ನಾನೇನೂ ಮಾಡದೆ ಅಭಿನಂದನೆ ಸಿಕ್ಕಿದ್ದು ಅದೇ ಮೊದಲು. ಫೋನಿನ ಮೂಲೆ ನೋಡಿದೆ. ನಿನ್ನೆಯವರೆಗೆ 4ಜಿ ಇದ್ದಲ್ಲಿ 5ಜಿ ಬಂದಿತ್ತು. ಸ್ಪೀಡ್ ಟೆಸ್ಟ್ ಮಾಡಿದೆ. ಸಂಖ್ಯೆ ನಿಜವಾಗಿಯೂ ದೊಡ್ಡದಾಗಿತ್ತು. ಸುಮ್ನೆ ಇನ್ನೊಂದು ಸಲ ಮಾಡಿದೆ. ಆಗಲೂ ದೊಡ್ಡದೇ. ಖುಷಿಯಾಯಿತು.

ಅದೇ ವಾರ ನಮ್ಮ ಮನೆಯಲ್ಲಿ ಕಾಲ್ ಕಟ್ ಆಗುವುದೂ ಶುರುವಾಯಿತು. ಅಡುಗೆಮನೆಯಲ್ಲಿ ಶುರು ಮಾಡಿದ ಮಾತು ಹಾಲ್‌ಗೆ ಬರುವಷ್ಟರಲ್ಲಿ ತುಂಡಾಗುತ್ತಿತ್ತು. ಬಾಲ್ಕನಿಯ ಒಂದು ಮೂಲೆಯಲ್ಲಿ ಮಾತ್ರ ಎಲ್ಲವೂ ಸರಿ. ಹಾಗಾಗಿ ನನ್ನ ಮನೆಯ ಗುಟ್ಟೆಲ್ಲ ಒಂದೂವರೆ ತಿಂಗಳು ಬಾಲ್ಕನಿಯಲ್ಲೇ ಹೊರಗೆ ಬಿತ್ತು.

ಹತ್ತು ದಿನ ಕಳೆಯುವಷ್ಟರಲ್ಲಿ ಅಮ್ಮನ ಫೋನ್ ಪೂರ್ತಿ ಮೂಕವಾಯಿತು. ತಮಾಷೆ ಏನೆಂದರೆ ಅವಳ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದವು. ಪಕ್ಕದಲ್ಲಿ 4ಜಿ ಅಂತ ಬರೆದಿತ್ತು. ವಾಟ್ಸ್ಆ್ಯಪ್‌ನಲ್ಲಿ ಗುಡ್ ಮಾರ್ನಿಂಗ್ ಹೂವುಗಳು ತಪ್ಪದೆ ಬರುತ್ತಿದ್ದವು. ಆದರೆ ಅವಳು ಯಾರಿಗೆ ಫೋನ್ ಮಾಡಿದರೂ ಹೋಗುತ್ತಿರಲಿಲ್ಲ. ಅವಳಿಗೆ ಯಾರಾದರೂ ಮಾಡಿದರೆ, ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅನ್ನುವ ಆ ಹೆಣ್ಣುದನಿ. ಅಮ್ಮ ನನ್ನ ಎದುರಿಗೇ ಕುರ್ಚಿಯಲ್ಲಿ ಕೂತಿದ್ದಳು, ವ್ಯಾಪ್ತಿ ಪ್ರದೇಶದ ಹೊರಗೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ, ಬಾಲ್ಕನಿಯಿಂದ. "ನಿಮ್ಮ ಏರಿಯಾದಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಮೇಡಂ, ಒಂದ್ಸಲ ಸಿಮ್ ತೆಗೆದು ಹಾಕಿ" ಅಂದರು. ತೆಗೆದು ಹಾಕಿದೆ. ಎರಡು ದಿನ ಬಿಟ್ಟು, ನಿಮ್ಮ ದೂರು ಬಗೆಹರಿದಿದೆ ಅಂತ ಮೆಸೇಜ್ ಬಂತು. ಹೇಗೆ ಬಗೆಹರಿಯಿತು ಅನ್ನುವುದು ಅದರಲ್ಲಿ ಇರಲಿಲ್ಲ.

ನಿಜವಾದ ಉತ್ತರ ಸಿಕ್ಕಿದ್ದು ಎದುರಿನ ಕಟ್ಟಡದ ಬುಡದಲ್ಲಿ. ಅದರ ತಾರಸಿಯ ಮೇಲೆ ಟವರ್ ಇದೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡ ಹುಡುಗನೊಬ್ಬ ಕೆಳಗೆ ಬಂದು ನೀರು ಕುಡಿಯುತ್ತಿದ್ದ. ಮಾತಾಡಿಸಿದೆ. ಅವನು ಅದನ್ನು ಟವರ್ ಅನ್ನಲಿಲ್ಲ, ಸೈಟ್ ಅಂದ. "ಹೊಸದು ಬಂದಿದೆಯಲ್ಲ ಮೇಡಂ, ಹಳೇದಕ್ಕೆ ಜಾಗ ಕಮ್ಮಿ ಮಾಡಿದಾರೆ. ಟ್ಯೂನ್ ಆಗೋವರೆಗೂ ಸ್ವಲ್ಪ ಹೀಗೇ ಇರುತ್ತೆ."

ಜಾಗ ಅಂದರೆ ಕಂಬದ ಮೇಲಿನ ಜಾಗ ಅಂದುಕೊಂಡೆ. ಅವನು ಹೇಳಿದ್ದು ಗಾಳಿಯಲ್ಲಿರುವ ಜಾಗ. ಇದು ಅರ್ಥವಾಗಲು ನನಗೆ ಕೆಲವು ರಾತ್ರಿಗಳ ಓದು ಬೇಕಾಯಿತು. ಅರ್ಥವಾದ ಮೇಲೆ ಆ ಅಭಿನಂದನೆಯ ಮೆಸೇಜ್ ಬೇರೆ ಥರ ಕಾಣಿಸತೊಡಗಿತು.

ರೇಡಿಯೋ ಅಲೆಗಳ ಜಾಗಕ್ಕೆ ಸ್ಪೆಕ್ಟ್ರಂ ಅನ್ನುತ್ತಾರೆ. ಹೊಲ ಇದ್ದ ಹಾಗೆ, ಇರುವುದು ಇಷ್ಟೇ. ಒಂದೊಂದು ಕಂಪನಿಗೆ ಅಲ್ಲಲ್ಲಿ ಒಂದೊಂದು ಪಟ್ಟಿ ಸಿಕ್ಕಿರುತ್ತದೆ. ಆ ಪಟ್ಟಿಯಲ್ಲೇ 2ಜಿ, 3ಜಿ, 4ಜಿ ಎಲ್ಲವೂ ಬೆಳೆಯಬೇಕು. ಹೊಸ ಬೆಳೆ ಬರಬೇಕಾದರೆ ಹಳೆಯದರ ಬದು ಒತ್ತಬೇಕು. ಎಂಜಿನಿಯರುಗಳು ಇದಕ್ಕೆ ಇಟ್ಟಿರುವ ಹೆಸರೂ ರೀಫಾರ್ಮಿಂಗ್, ಅಂದರೆ ಮರುಬೇಸಾಯ, ಅಂತಲೇ. ನೆಟ್‌ವರ್ಕ್ ಮೇಲ್ದರ್ಜೆಗೆ ಏರುವುದು ಅಂದರೆ ಇರುವ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿದ ಹಾಗೆ ಅಂದುಕೊಂಡಿದ್ದೆ. ಅಷ್ಟೇ ಅಲ್ಲ. ಒಳಗೆ ಇದ್ದವರನ್ನು ಸ್ವಲ್ಪ ಸರಿದು ಕೂತ್ಕೊಳ್ಳಿ ಅನ್ನುವ ಕೆಲಸವೂ ಅದರಲ್ಲಿದೆ.

ಜಾಗಕ್ಕೆ ಯಾಕೆ ಇಷ್ಟು ಬೆಲೆ? ಇದರ ಲೆಕ್ಕವನ್ನು 1948ರಲ್ಲೇ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಬರೆದಿಟ್ಟಿದ್ದಾರೆ. ಒಂದು ದಾರಿಯಲ್ಲಿ ಎಷ್ಟು ಮಾಹಿತಿ ಸಾಗಿಸಬಹುದು ಅನ್ನುವುದು ಎರಡರ ಮೇಲೆ ನಿಂತಿದೆ: ದಾರಿ ಎಷ್ಟು ಅಗಲ, ಗದ್ದಲದ ನಡುವೆ ನಿಮ್ಮ ದನಿ ಎಷ್ಟು ಜೋರು. ದನಿ ಎರಡು ಪಟ್ಟು ಜೋರು ಮಾಡಿದರೆ ಸಿಗುವ ಲಾಭ ಚೂರೇ ಚೂರು. ದಾರಿ ಅಗಲ ಮಾಡಿದರೆ ಲಾಭವೂ ಹೆಚ್ಚು ಕಡಿಮೆ ಅಷ್ಟೇ ಬೆಳೆಯುತ್ತದೆ. 4ಜಿಯ ಒಂದು ಕ್ಯಾರಿಯರ್, ಅಂದರೆ ಮಾಹಿತಿ ಹೊರುವ ಒಂದು ದಾರಿ, ಹೆಚ್ಚೆಂದರೆ 20 ಮೆಗಾಹರ್ಟ್ಸ್ ಅಗಲ ಇರುತ್ತದೆ. 5ಜಿಯದ್ದು ಮಧ್ಯದ ಬ್ಯಾಂಡ್‌ಗಳಲ್ಲಿ 100 ಮೆಗಾಹರ್ಟ್ಸ್‌ವರೆಗೂ ಹೋಗಬಹುದು. ನನ್ನ ಸ್ಪೀಡ್ ಟೆಸ್ಟಿನ ದೊಡ್ಡ ಸಂಖ್ಯೆಗೆ ಮುಖ್ಯ ಕಾರಣ ಇಷ್ಟೇ, ರಸ್ತೆ ಅಗಲವಾಗಿತ್ತು.

ಇಂಥ ಅಗಲದ ಜಾಗ ಖಾಲಿ ಇರುವುದು ಮೇಲಿನ ಫ್ರೀಕ್ವೆನ್ಸಿಗಳಲ್ಲಿ, ಅಂದರೆ ಸೆಕೆಂಡಿಗೆ ಹೆಚ್ಚು ಸಲ ಕಂಪಿಸುವ ಗಿಡ್ಡ ಅಲೆಗಳಲ್ಲಿ. ಅಲ್ಲಿ ಇನ್ನೊಂದು ತೊಡಕು. 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ. ದೂರ ಹೋಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. 3.5 ಗಿಗಾಹರ್ಟ್ಸ್‌ನ ಅಲೆ 9 ಸೆಂಟಿಮೀಟರ್ ಕೂಡ ಇಲ್ಲ. ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 28 ಗಿಗಾಹರ್ಟ್ಸ್‌ಗೆ ಹೋದರೆ ಅಲೆ ಒಂದು ಸೆಂಟಿಮೀಟರಿನ ಆಸುಪಾಸು. ಮರದ ಎಲೆಗಳೂ, ಫೋನ್ ಹಿಡಿದ ಕೈಯೂ ಅದಕ್ಕೆ ಅಡ್ಡಿಯೇ. ಹಾಗಾಗಿ ಒಳಗಿನ ಕೋಣೆಯವರೆಗೂ ತಲುಪಬೇಕು ಅಂದರೆ ಕೆಳಗಿನ ಬ್ಯಾಂಡ್‌ಗಳು ಬೇಕೇ ಬೇಕು. ಅಲ್ಲಿ ಆಗಲೇ ಹಳಬರು ಕೂತಿದ್ದಾರೆ. ಬಹಳ ಕಡೆ 2ಜಿ ನಡೆಯುವುದು 900 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಎಲ್ಲರಿಗೂ ಬೇಕಾದ ಒಳ್ಳೆಯ ಭೂಮಿಯಲ್ಲಿ.

ಇನ್ನು ಆ ಹುಡುಗ ಹೇಳಿದ ‘ಟ್ಯೂನ್’. ಇದು ನನಗೆ ತುಂಬ ಹಿಡಿಸಿದ ವಿಷಯ, ಸ್ವಲ್ಪ ನಿಧಾನಿಸುತ್ತೇನೆ.

ಟವರ್ ಅಂದರೆ ಆದಷ್ಟು ದೂರಕ್ಕೆ ಕೂಗಬೇಕು ಅಂತ ನಮ್ಮ ಲೆಕ್ಕ. ನಿಜ ಅದಲ್ಲ. ಟವರ್ ತನ್ನ ಗಡಿಯ ಒಳಗೆ ಚೆನ್ನಾಗಿ ಕೇಳಿಸಬೇಕು, ಗಡಿಯ ಆಚೆ ಬಾಯಿ ಮುಚ್ಚಿಕೊಂಡಿರಬೇಕು. ಊರನ್ನು ಪುಟ್ಟ ಪುಟ್ಟ ತುಂಡು ಮಾಡಿ, ಒಂದು ತುಂಡಿನಲ್ಲಿ ಬಳಸಿದ ಫ್ರೀಕ್ವೆನ್ಸಿಯನ್ನೇ ಸ್ವಲ್ಪ ದೂರದ ಇನ್ನೊಂದು ತುಂಡಿನಲ್ಲಿ ಮತ್ತೆ ಬಳಸುವ ಯೋಚನೆಯನ್ನು 1947ರಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಡಗ್ಲಸ್ ರಿಂಗ್ ಒಂದು ಟಿಪ್ಪಣಿಯಲ್ಲಿ ಬರೆದರು. ಆ ತುಂಡಿಗೇ ‘ಸೆಲ್’ ಅನ್ನುವುದು. ಸೆಲ್ ಫೋನಿನ ಸೆಲ್ ಬಂದದ್ದು ಅಲ್ಲಿಂದ. ಬ್ಯಾಟರಿ ಸೆಲ್ ಇರೋದಕ್ಕೇ ಆ ಹೆಸರು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ, ನಗಬೇಡಿ.

ನಾವು ನಡೆಯುತ್ತಾ ಮಾತಾಡುವಾಗ ಒಂದು ಸೆಲ್ ಇನ್ನೊಂದು ಸೆಲ್‌ನ ಕೈಗೆ ನಮ್ಮನ್ನು ಒಪ್ಪಿಸುತ್ತದೆ. ಒಪ್ಪಿಸಬೇಕಾದರೆ ಪಕ್ಕದಲ್ಲಿ ಯಾರಿದ್ದಾರೆ ಅನ್ನುವ ಪಟ್ಟಿ ಅದರ ಹತ್ತಿರ ಸರಿಯಾಗಿ ಇರಬೇಕು. ಹೊಸ ಆಂಟೆನಾ ಬಂದಾಗ ಈ ಪಟ್ಟಿ ಬದಲಾಗುತ್ತದೆ. ಆಂಟೆನಾ ಒಂದೆರಡು ಡಿಗ್ರಿ ಕೆಳಗೆ ಬಾಗಿದರೂ ಗಡಿ ಸರಿಯುತ್ತದೆ. ನಮ್ಮ ಅಡುಗೆಮನೆ ಮತ್ತು ಹಾಲ್ ನಡುವಿನ ಬಾಗಿಲಲ್ಲೇ ಅಂಥದ್ದೊಂದು ಗಡಿ ಬಂದು ನಿಂತಿತ್ತು. ಒಬ್ಬರು ಕೈ ಬಿಟ್ಟರು, ಇನ್ನೊಬ್ಬರು ಹಿಡಿಯಲಿಲ್ಲ. ಮಾತು ಅಲ್ಲಿಗೇ ತುಂಡು.

ಇದನ್ನು ಸರಿ ಮಾಡಲು ಕಾರಿನಲ್ಲಿ ಫೋನು, ಲ್ಯಾಪ್‌ಟಾಪ್ ಇಟ್ಟುಕೊಂಡು ರಸ್ತೆ ರಸ್ತೆ ಸುತ್ತುತ್ತಾರೆ. ಎಲ್ಲಿ ಸಿಗ್ನಲ್ ಕುಸಿಯಿತು, ಎಲ್ಲಿ ಕೈ ಬದಲಾಗಲಿಲ್ಲ ಅಂತ ಬರೆದುಕೊಳ್ಳುತ್ತಾರೆ. ಡ್ರೈವ್ ಟೆಸ್ಟ್ ಅದರ ಹೆಸರು. ದೊಡ್ಡ ಬದಲಾವಣೆಗಳನ್ನು ಮಾಡುವುದು ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ, ಮಾತಾಡುವವರು ಕಮ್ಮಿ ಇರುವ ಹೊತ್ತಲ್ಲಿ. ಜಾಹೀರಾತಿನಲ್ಲಿ ಹೊಸ ನೆಟ್‌ವರ್ಕ್ ಒಂದು ಗುಂಡಿ ಒತ್ತಿದ ಕೂಡಲೇ ಬಂದುಬಿಡುತ್ತದೆ. ನಿಜದಲ್ಲಿ ಅದು ವಾರಗಟ್ಟಲೆ ಒಂದೊಂದು ಡಿಗ್ರಿಯಾಗಿ ಬರುತ್ತದೆ.

ಹಾಗಾದರೆ ನನ್ನ ಫೋನಿನಲ್ಲಿ ಬಂದ 5ಜಿ ಅನ್ನುವ ಅಕ್ಷರ ಏನು ಹೇಳುತ್ತಿತ್ತು? ಅರ್ಧ ಸತ್ಯ. 5ಜಿಯನ್ನು ಬೇಗ ಶುರು ಮಾಡಲು ಅನುಕೂಲ ಆಗಲಿ ಅಂತ ಒಂದು ಒಳದಾರಿ ಇಟ್ಟಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಮೊದಲು ಒಪ್ಪಿಗೆಯಾದ ಮಾದರಿಯೇ ಅದು. ಗಾಳಿಯಲ್ಲಿ ಹೊಸ ರೇಡಿಯೋ, ಹಿಂದೆ ಹಳೆಯ 4ಜಿಯ ಬೆನ್ನೆಲುಬು. ತನ್ನ ಕಾಲ ಮೇಲೇ ನಿಲ್ಲುವ 5ಜಿಯ ಮಾದರಿ ಸಿದ್ಧವಾದದ್ದು ಆಮೇಲೆ, 2018ರ ಜೂನ್‌ನಲ್ಲಿ. ಒಳದಾರಿಯಲ್ಲಿ ಬಂದ ನೆಟ್‌ವರ್ಕ್‌ನಲ್ಲಿ ಮೂಲೆಯ ಅಕ್ಷರ 5ಜಿ ಅಂದರೂ ಫೋನ್ ಕಾಲ್ ಹೋಗುವುದು 4ಜಿಯಲ್ಲೇ.

ಈ ಅಕ್ಷರದ ಆಟ ಹೊಸದೇನಲ್ಲ. 2019ರ ಆರಂಭದಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ, ಸುಧಾರಿಸಿದ 4ಜಿಗೇ ‘5ಜಿ ಇ’ ಅಂತ ತೋರಿಸತೊಡಗಿತು. ಎದುರಾಳಿ ಸ್ಪ್ರಿಂಟ್ ಕೋರ್ಟಿಗೆ ಹೋಯಿತು. 4ಜಿಯದ್ದೂ ಇದೇ ಕಥೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹಾಕಿದ್ದ ಅಳತೆಗೆ ಮೊದಮೊದಲಿನ 4ಜಿ ಮುಟ್ಟುತ್ತಲೇ ಇರಲಿಲ್ಲ. 2010ರ ಡಿಸೆಂಬರ್‌ನಲ್ಲಿ ಒಕ್ಕೂಟವೇ ಸ್ವಲ್ಪ ಸಡಿಲ ಮಾಡಿ, ಇವುಗಳನ್ನೂ ಹಾಗೆ ಕರೆಯಬಹುದು ಅಂದಿತು. ಓಡುವವರು ಮುಟ್ಟಲಿಲ್ಲ ಅಂತ ಗೆರೆಯನ್ನೇ ಹತ್ತಿರ ತಂದರು.

ಈಗ ಅಮ್ಮನ ಫೋನಿಗೆ ಬರುತ್ತೇನೆ.

2009ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳಲ್ಲಿ ಟೆಲಿಯಾಸೊನೆರಾ ಕಂಪನಿ 4ಜಿ ಶುರು ಮಾಡಿತು. ಆಗ ಅದಕ್ಕೆ ಫೋನೇ ಇರಲಿಲ್ಲ, ಲ್ಯಾಪ್‌ಟಾಪ್‌ಗೆ ಚುಚ್ಚುವ ಡಾಂಗಲ್ ಮಾತ್ರ. ಮೊದಲ ಸಲ ಓದಿದಾಗ ವಿಚಿತ್ರ ಅನಿಸಿತ್ತು. ಆಮೇಲೆ ಗೊತ್ತಾಯಿತು, 4ಜಿಯ ಹುಟ್ಟಿನಲ್ಲೇ ಮಾತಿಗೆ ಪ್ರತ್ಯೇಕ ಜಾಗ ಇಲ್ಲ. ಅಲ್ಲಿ ಎಲ್ಲವೂ ಪ್ಯಾಕೆಟ್, ಅಂದರೆ ಮಾಹಿತಿಯ ಪುಟ್ಟ ಪುಟ್ಟ ಪೊಟ್ಟಣ, ಎಲ್ಲವೂ ಇಂಟರ್ನೆಟ್. ಹಿಂದಿನ ಥರ ಇಬ್ಬರ ನಡುವೆ ಒಂದು ದಾರಿಯನ್ನು ಮೀಸಲಿಟ್ಟು ಮಾತಾಡಿಸುವ ಏರ್ಪಾಡು ಅದರಲ್ಲಿಲ್ಲ.

ಹಾಗಾದರೆ 4ಜಿ ಫೋನಿಗೆ ಕಾಲ್ ಬಂದರೆ? ಅದಕ್ಕೊಂದು ಉಪಾಯ ಮಾಡಿದರು. ಫೋನು ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲಿ, ಅಂದರೆ 4ಜಿಯಲ್ಲಿ ಇರುತ್ತದೆ. ಯಾರಾದರೂ ಕರೆದರೆ ಕೆಳಗಿಳಿದು 3ಜಿಗೋ 2ಜಿಗೋ ಬಂದು, ಮಾತು ಮುಗಿಸಿ, ಮತ್ತೆ ಮೇಲೆ ಹೋಗುತ್ತದೆ. ಕಾಲ್ ಹಚ್ಚಿದ ಮೇಲೆ ರಿಂಗ್ ಆಗುವ ಮೊದಲು ಕೆಲವು ಸೆಕೆಂಡು ಮೌನ ಇರುತ್ತಿತ್ತಲ್ವಾ, ಆ ಮೆಟ್ಟಿಲಿಳಿಯುವ ಹೊತ್ತೂ ಅದರಲ್ಲಿ ಸೇರಿರುತ್ತಿತ್ತು. 4ಜಿಯಲ್ಲೇ ಮಾತಾಡಿಸುವ ವೋಲ್ಟ್‌ಇ ಬಂದದ್ದು 2012ರಲ್ಲಿ. ಅದು ಎಲ್ಲ ಫೋನುಗಳಿಗೂ ಇಳಿಯಲು ಮತ್ತೂ ವರ್ಷಗಳು ಹಿಡಿದವು. ಫೋನಿನಲ್ಲಿ ವೋಲ್ಟ್‌ಇ ಇದ್ದರೆ ಸಾಲದು, ಆ ಕಂಪನಿಯ ಜಾಲಕ್ಕೆ ಆ ಮಾಡೆಲ್ ಒಗ್ಗುವಂತೆ ಸೆಟ್ಟಿಂಗ್ ಕೂಡ ಇರಬೇಕು.

ಅಮ್ಮನದ್ದು ಆ ನಡುಗಾಲದ ಫೋನು. ಇಂಟರ್ನೆಟ್ಟಿಗೆ 4ಜಿ, ಮಾತಿಗೆ ಕೆಳಗಿನ ಮನೆ. ಕಂಪನಿ ಕೆಳಗಿನ ಮನೆಯನ್ನು ಕೆಡವಿತು. ಫೋನು ಮೇಲೇ ನಿಂತಿತ್ತು, ಅದಕ್ಕೇ ಕಡ್ಡಿ ಪೂರ್ತಿ. ಕರೆ ಬಂದಾಗ ಇಳಿಯಲು ಹೋದರೆ ಮೆಟ್ಟಿಲೇ ಇಲ್ಲ.

ಹೀಗೆ ಸಿಕ್ಕಿಬಿದ್ದವಳು ಅಮ್ಮ ಒಬ್ಬಳೇ ಅಲ್ಲ. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ 3ಜಿ ಮುಚ್ಚುವಾಗ ಇದರ ಇನ್ನೊಂದು ರೂಪ ಹೊರಗೆ ಬಂತು. ಕೆಲವು ಫೋನುಗಳು ದಿನನಿತ್ಯದ ಕಾಲ್‌ಗಳನ್ನು 4ಜಿಯಲ್ಲೇ ಮಾಡುತ್ತಿದ್ದವು. ಆದರೆ ತುರ್ತು ನಂಬರಾದ 000ಗೆ ಮಾತ್ರ 3ಜಿಗೆ ಇಳಿಯುವಂತೆ ಅವುಗಳ ಒಳಗೆ ಬರೆದಿತ್ತು. ದಿನವೂ ಚೆನ್ನಾಗಿ ಕೆಲಸ ಮಾಡುವ ಫೋನು, ಆಂಬ್ಯುಲೆನ್ಸ್ ಕರೆಯುವ ಹೊತ್ತಿಗೆ ಕೈ ಕೊಡುತ್ತದೆ. ಕೊನೆಗೆ ಅಂಥ ಫೋನುಗಳನ್ನು ಜಾಲದಿಂದಲೇ ಹೊರಗಿಡಬೇಕು ಅಂತ ನಿಯಮ ಬಂತು. ಓದಿದಾಗ ಕ್ರೂರ ಅನಿಸಿತು. ಯೋಚಿಸಿದಾಗ ಅದೇ ಸರಿ ಅನಿಸಿತು. ಪೂರ್ತಿ ಕೆಟ್ಟ ಫೋನಾದರೆ ಬದಲಾಯಿಸುತ್ತೇವೆ. ಕಡ್ಡಿ ತೋರಿಸುತ್ತಾ ನಂಬಿಸುವ ಫೋನು ಅದಕ್ಕಿಂತ ಅಪಾಯ.

ಬಾಯಿಲ್ಲದ ಗಿರಾಕಿಗಳ ಪಾಡೂ ಇದೆ. ಕಳ್ಳರ ಅಲಾರಂ, ಲಿಫ್ಟಿನೊಳಗಿನ ತುರ್ತು ಫೋನು, ಕರೆಂಟ್ ಮೀಟರು, ಕಾರು, ಇವುಗಳಲ್ಲೂ ಸಿಮ್ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಮಾಡೆಲ್ ಕೊಳ್ಳುವ ಗಿರಾಕಿಗಳಲ್ಲ ಇವು. ಎಟಿ ಆ್ಯಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸುವ ಮುಂಚೆ ಅಲಾರಂ ಕಂಪನಿಗಳು ಬೊಬ್ಬೆ ಹೊಡೆದದ್ದು ಇದಕ್ಕೇ. ಯುರೋಪಿನ ಹಲವು ದೇಶಗಳಲ್ಲಿ ಇನ್ನೂ ಮಜಾ. ಜರ್ಮನಿಯಲ್ಲಿ 3ಜಿಯನ್ನು 2021ರಲ್ಲೇ ಮುಚ್ಚಿದರು, 2ಜಿಯನ್ನು ಉಳಿಸಿಕೊಂಡರು. ತಮ್ಮ ಹೋದ, ಅಣ್ಣ ಉಳಿದ. ಅಣ್ಣನಿಗೆ ಜಾಗ ಸಾಕು ಸ್ವಲ್ಪ, ಅವನನ್ನು ನಂಬಿಕೊಂಡ ಯಂತ್ರಗಳು ಬಹಳ.

ಹಳೆಯದನ್ನು ಮುಚ್ಚಲೇಬಾರದು ಅಂತ ನಾನು ಹೇಳುವುದಿಲ್ಲ. ಒಂದೇ ಕಂಬದ ಮೇಲೆ ನಾಲ್ಕು ತಲೆಮಾರಿನ ಸಂಸಾರ ನಡೆಸುವುದು ಸುಲಭವಲ್ಲ. ಕರೆಂಟ್ ಬೇಕು, ಬಿಡಿಭಾಗ ಬೇಕು, ಆ ಹಳೆಯ ಪೆಟ್ಟಿಗೆ ಗೊತ್ತಿರುವ ಜನ ಬೇಕು. ಅಲೆಗಳ ಒಳ್ಳೆಯ ಜಾಗವನ್ನು ಕೆಲವರಿಗಾಗಿ ಹಿಡಿದಿಟ್ಟರೆ ಬಾಕಿಯವರೆಲ್ಲ ಇಕ್ಕಟ್ಟಿನಲ್ಲಿ ಇರಬೇಕಾಗುತ್ತದೆ. ನನ್ನ ತಕರಾರು ಬೇರೆ. ಹಳೆಯ ಫೋನ್ ಇಟ್ಟುಕೊಂಡವರ ಜಾಗ ಮೊದಲು ಹೋಗುತ್ತದೆ, ಸುದ್ದಿ ಕೊನೆಗೆ ತಲುಪುತ್ತದೆ.

ತಿಳಿಸಿಯೇ ಇರಲಿಲ್ಲವೇ ಅಂತ ಅಮ್ಮನ ಫೋನಿನ ಮೆಸೇಜುಗಳನ್ನು ಹುಡುಕಿದೆ. ತಿಳಿಸಿದ್ದರು! ಒಂದಲ್ಲ, ಮೂರು ಸಲ. ನಿಮ್ಮ ಹ್ಯಾಂಡ್‌ಸೆಟ್ ಹೊಸ ಸೇವೆಗೆ ಹೊಂದುತ್ತದೆಯೇ ಪರಿಶೀಲಿಸಿ ಅಂತ. ಮೂರೂ ಮೆಸೇಜುಗಳು ಅದೇ ಕಂಪನಿಯ ಜಾಹೀರಾತುಗಳ ನಡುವೆ ಹೂತು ಹೋಗಿದ್ದವು. ಕಾಲರ್ ಟ್ಯೂನ್ ಬೇಕಾ, ಆಟ ಆಡ್ತೀರಾ, ಜಾತಕ ನೋಡ್ತೀರಾ. ದಿನಕ್ಕೆ ಐದಾರು. ಇವರ ಮೆಸೇಜ್ ಬಂದರೆ ತೆರೆಯಬೇಡ ಅಂತ ಅಮ್ಮನಿಗೆ ಹೇಳಿಕೊಟ್ಟವಳು ನಾನೇ. ಅವಳು ಅಚ್ಚುಕಟ್ಟಾಗಿ ಪಾಲಿಸಿದ್ದಳು.

ಆರು ವಾರದ ನಂತರ ನಮ್ಮ ಬಾಗಿಲಿನ ಗಡಿ ಎಲ್ಲಿಗೋ ಸರಿಯಿತು. ಯಾರೂ ಹೇಳಲಿಲ್ಲ, ಮೆಸೇಜೂ ಬರಲಿಲ್ಲ. ಒಂದು ಸಂಜೆ ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಮಲಗುವ ಕೋಣೆಗೆ ಮಾತಾಡುತ್ತಾ ಹೋದೆ, ಕಟ್ ಆಗಲಿಲ್ಲ. ಎದುರಿನ ತಾರಸಿಯಲ್ಲಿ ಹೊಸ ಆಂಟೆನಾ ಕಾಣುತ್ತದೆ, ಚಪ್ಪಟೆ ಪೆಟ್ಟಿಗೆ. ಇಂಥ ಪೆಟ್ಟಿಗೆಯ ಒಳಗೆ ಪುಟ್ಟ ಆಂಟೆನಾಗಳು ಸಾಲುಸಾಲಾಗಿರುತ್ತವೆ. ಅವೆಲ್ಲ ಸೇರಿ ಅಲೆಗಳನ್ನು ಸುತ್ತ ಚೆಲ್ಲುವ ಬದಲು ಫೋನಿರುವ ದಿಕ್ಕಿಗೆ ತಿರುಗಿಸುತ್ತವೆ. ಆ ಹುಡುಗ ಬೆಲ್ಟ್ ಕಟ್ಟಿಕೊಂಡು ಹೊತ್ತುಕೊಂಡು ಹತ್ತಿದ್ದು ಅದನ್ನೇ ಇರಬೇಕು. ಅಭಿನಂದನೆ ಅವನಿಗೆ ಹೋಗಬೇಕಿತ್ತು.

ಅಮ್ಮನಿಗೆ ಹೊಸ ಫೋನ್ ತಂದೆವು. ಬೇಡ ಬೇಡ ಅಂದಳು. ಹಳೆಯದು ಕೆಟ್ಟಿಲ್ಲವಲ್ಲ ಅನ್ನುವುದು ಅವಳ ವಾದ. ನಿಜವಾಗಿಯೂ ಕೆಟ್ಟಿರಲಿಲ್ಲ. ಅದು ಈಗಲೂ ಟೈಂ ತೋರಿಸುತ್ತದೆ, ಅಲಾರಂ ಹೊಡೆಯುತ್ತದೆ, ಕಡ್ಡಿ ಪೂರ್ತಿ ತೋರಿಸುತ್ತದೆ.

ಮೊದಲ ಕಾಲ್ ನಾನೇ ಮಾಡಿದೆ, ಹೊರಗಿನಿಂದ. ಹಳೆಯ ಫೋನ್ ಲೈನುಗಳು ದನಿಯಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಸಾಗಿಸುತ್ತಿದ್ದವು. ಸಕಾರ, ಫಕಾರಗಳ ಸದ್ದಿನ ಹೆಚ್ಚಿನ ಪಾಲು ಅದರ ಆಚೆಗೇ ಇರುತ್ತದೆ. ಅದಕ್ಕೇ ಫೋನಿನಲ್ಲಿ ಹೆಸರು ಹೇಳುವಾಗ ಅಷ್ಟು ಒದ್ದಾಟ. ಈಗಿನದ್ದು 50ರಿಂದ 7000 ಹರ್ಟ್ಸ್‌ವರೆಗೆ ಸಾಗಿಸುತ್ತದೆ. "ಪಕ್ಕದಲ್ಲೇ ಕೂತ್ಕೊಂಡು ಮಾತಾಡಿದ ಹಾಗಿದೆ ಕಣೇ" ಅಂದಳು. ಆಮೇಲೆ ನಾನು ಏನನ್ನೋ ನೆನಪಿಸಿಕೊಳ್ಳಲು ಸುಮ್ಮನಾದೆ.

"ಹಲೋ? ಇದೀಯಾ?"

ಇದೀನಿ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಹಲೋ? ಕಟ್ ಆಯ್ತಾ?"

ಡಿಜಿಟಲ್ ಫೋನುಗಳಲ್ಲಿ ನಾವು ಸುಮ್ಮನಿದ್ದಾಗ ನಮ್ಮ ಕಡೆಯಿಂದ ಸದ್ದು ಹೋಗುವುದು ನಿಂತೇಬಿಡುತ್ತದೆ, ಬ್ಯಾಟರಿ ಉಳಿಯಲಿ ಅಂತ. ಆಗ ಆ ಕಡೆಯ ಫೋನು ತಾನೇ ಒಂದು ಸಣ್ಣ ಸುಯ್ ಸದ್ದು ಹುಟ್ಟಿಸಿ ಕಿವಿಗೆ ಹಾಕುತ್ತದೆ, ಲೈನ್ ಸತ್ತಿಲ್ಲ ಅಂತ ತಿಳಿಯಲು. ಅದಕ್ಕೆ ಕಂಫರ್ಟ್ ನಾಯ್ಸ್ ಅಂತಲೇ ಹೆಸರು. ಹೊಸ ಫೋನಿನಲ್ಲೂ ಅದು ಇದೆ. ಆದರೆ ನಮ್ಮ ಹಿನ್ನೆಲೆಯ ಸದ್ದನ್ನು ನೋಡಿಕೊಂಡು ಹುಟ್ಟುವ ಸದ್ದದು. ನಾನು ನಿಂತಿದ್ದ ಕಡೆ ಸದ್ದೇ ಇರಲಿಲ್ಲ, ಹಾಗಾಗಿ ಅದೂ ಇದ್ದೂ ಇಲ್ಲದ ಹಾಗಿತ್ತು. ಅಮ್ಮನಿಗೆ ಹಳೆಯ ಫೋನಿನ ಗೊರಗೊರ ಅಭ್ಯಾಸವಾಗಿತ್ತು. ಅದು ಕೇಳುತ್ತಿದ್ದರೆ ಮಗಳು ಲೈನಿನಲ್ಲಿದ್ದಾಳೆ ಅಂತ ಅವಳ ಲೆಕ್ಕ.

ಹಾಗಾಗಿ ಈಗ ಅಮ್ಮನ ಜೊತೆ ಮಾತಾಡುವಾಗ ಯೋಚಿಸಬೇಕಾಗಿ ಬಂದರೆ ನಾನೇ ‘ಹ್ಞೂಂ, ಹ್ಞೂಂ’ ಅನ್ನುತ್ತಾ ಇರುತ್ತೇನೆ. ಒಂದು ಕ್ಷಣ ಮರೆತರೂ ಆ ಕಡೆಯಿಂದ ಬಂದೇ ಬರುತ್ತದೆ.

"ಇದೀಯಾ?"

"ಇದೀನಮ್ಮಾ, ಹೇಳು."